ಲಾಭ, ಎರಡು, ಮೂರು

ಅವಳು ಲಾಭಣ್ಣನನ್ನು ಮೊದಲ ಸಲ ನೋಡಿದ್ದು ಕೆಲಸಕ್ಕೆ ಸೇರಿದ ದಿನ, ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ. ನೇಮಕದ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದವಳು ದಾರಿ ತಪ್ಪಿ, ಕಚೇರಿಯ ಮುಂಬಾಗಿಲ ಬದಲು ಹಿಂದಿನ ರಿಪೇರಿ ಶೆಡ್ಡಿನ ಮುಂದೆ ನಿಂತಿದ್ದಳು. ಒಳಗೆ ಐವತ್ತರ ಆಸುಪಾಸಿನ ಒಬ್ಬ ಮೆಕ್ಯಾನಿಕ್ ಬೋರಲು ಹಾಕಿದ ಬಣ್ಣದ ಡಬ್ಬಿಯ ಮೇಲೆ ಕೂತಿದ್ದರು. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿಗೆ ತಾಮ್ರದ ತಂತಿ ಸುತ್ತಿತ್ತು. ಎಡಗೈ ತುಂಬ ಸ್ಕ್ರೂ. ಅವನ್ನು ಒಂದೊಂದಾಗಿ ಮುಂದಿದ್ದ ತಗಡಿನ ಮುಚ್ಚಳಕ್ಕೆ ಹಾಕುತ್ತ ಎಣಿಸುತ್ತಿದ್ದರು.

“ಲಾಭ,” ಅಂದರು. ಟಣ್. “ಎರಡು.” ಟಣ್. “ಮೂರು.”

ಅವಳು “ಅಣ್ಣಾ, ಮ್ಯಾನೇಜರ್ ರೂಮ್ ಎಲ್ಲಿ?” ಎಂದು ಕೇಳಿದಳು. ಅವರು ತಲೆ ಎತ್ತದೆ ಬಲಗೈಯ ಬೆರಳೊಂದನ್ನು ಎತ್ತಿ ತಡಿ ಎಂದು ಸನ್ನೆ ಮಾಡಿದರು. ಹನ್ನೊಂದಕ್ಕೆ ಕೈ ಖಾಲಿಯಾಯಿತು.

“ಹನ್ನೆರಡು ಇರ್ಬೇಕಿತ್ತು. ಒಂದು ಉರುಳ್ಕೊಂಡು ಹೋಗಿದೆ. ಸ್ವಲ್ಪ ಕಾಲೆತ್ತಮ್ಮ.”

ಹನ್ನೆರಡನೆಯದು ಅವಳ ಚಪ್ಪಲಿಯ ಕೆಳಗಿತ್ತು. ಬಗ್ಗಿ ಎತ್ತಿಕೊಟ್ಟಳು. ನಗು ತಡೆಯಲಾಗದೆ, “ನಮ್ಮಜ್ಜೀನೂ ಹಿಂಗೇ, ಕಾಳು ಅಳೆಯುವಾಗ ಒಂದು ಅಂತಾನೇ ಇರ್ಲಿಲ್ಲ. ಲಾಭ ಅಂತಲೇ ಶುರು,” ಎಂದಳು.

ಆಗ ಅವರು ಕನ್ನಡಕದ ಮೇಲಿಂದ ಅವಳನ್ನು ಪೂರ್ತಿ ನೋಡಿದರು. “ಹಂಗಾದ್ರೆ ನೀನು ನಮ್ಮೋಳೇ ಬಿಡು. ಇಲ್ಲಿರೋರೆಲ್ಲ ಇದಕ್ಕೇ ನನ್ನ ಲಾಭಣ್ಣ ಅಂತ ಆಡ್ಕೋತಾರೆ. ನೀನು ಯಾವ ಕೆಲಸಕ್ಕೆ?”

“ಕಂಪ್ಯೂಟರ್ ಲಾಗ್ ಓದೋಕೆ.”

“ಓದಿದೋರು ನೀವು ಎಲ್ಲಿಂದ ಎಣಿಸ್ತೀರಾ?”

“ಕಂಪ್ಯೂಟರ್‌ನಲ್ಲಿ ಸೊನ್ನೆಯಿಂದ ಅಣ್ಣ.”

“ಸೊನ್ನೆ ಅಂದ್ರೆ ಏನೂ ಇಲ್ಲ ಅಂತಲ್ವಾ? ಕೈಯಲ್ಲಿ ಇರೋದನ್ನ ಇಲ್ಲ ಅಂದ್ಕೊಂಡು ಶುರು ಮಾಡ್ತೀರಾ? ನಾವೇ ವಾಸಿ, ಲಾಭ ಅಂತೀವಿ.” ಸ್ಕ್ರೂಗಳನ್ನು ಜೇಬಿಗೆ ಸುರಿದುಕೊಂಡು ಎದ್ದರು. “ಬಾ ತಂಗಿ, ರೂಮ್ ತೋರಿಸ್ತೀನಿ. ಮ್ಯಾನೇಜರ್ ಮುಂದೆ ನಗಬೇಡ, ಅವ್ರಿಗೆ ನಗು ಅಂದ್ರೆ ಆಗಲ್ಲ.”

ಅದು ಮೂವತ್ತು ಜನರ ಚಿಕ್ಕ ಸಂಸ್ಥೆ. ಲಸಿಕೆ, ಔಷಧ, ರಕ್ತದ ಮಾದರಿ ಇಡುವ ತಣ್ಣನೆಯ ಬೀರುಗಳನ್ನು ನೋಡಿಕೊಳ್ಳುವುದು ಅವರ ಕಸುಬು. ಅಂಥ ಬೀರುಗಳ ಸಾಲಿಗೆ ಒಂದರಂತೆ ಗೋಡೆಯ ಮೇಲೆ ಬೂದು ಬಣ್ಣದ ಪೆಟ್ಟಿಗೆ ಇರುತ್ತದೆ. ಪ್ರತಿ ಬೀರುವಿನೊಳಗಿನ ಬಿಸಿ ಅಳೆಯುವ ಸೆನ್ಸರ್‌ನಿಂದ ಒಂದು ವೈರು ಬಂದು ಆ ಪೆಟ್ಟಿಗೆಗೆ ಸೇರುತ್ತದೆ. ವೈರು ಸೇರುವ ಕಡೆ ಒಂದರಿಂದ ಎಂಟರವರೆಗೆ ಅಂಕಿಗಳನ್ನು ತಗಡಿನ ಮೇಲೇ ಕೊರೆದಿರುತ್ತಾರೆ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್. ಅದು ತನಗೆ ಆದದ್ದನ್ನೆಲ್ಲ ದಿನಚರಿಯ ಹಾಗೆ ಸಾಲು ಸಾಲಾಗಿ ಬರೆದಿಡುತ್ತದೆ. ಆ ದಿನಚರಿಗೇ ಲಾಗ್ ಎನ್ನುವುದು. ಕಚೇರಿಯಲ್ಲಿ ಕೂತು ಅದನ್ನು ಓದಿ, ಎಲ್ಲಿ ಏನು ಕೆಟ್ಟಿದೆ ಎಂದು ಮೆಕ್ಯಾನಿಕ್‌ಗಳಿಗೆ ಫೋನಿನಲ್ಲಿ ಹೇಳುವುದು ಅವಳ ಕೆಲಸ. ಮನೆಯಲ್ಲಿ ಪದವಿ ಓದಿದವಳು ಅವಳೊಬ್ಬಳೇ. ಅಪ್ಪ ಊರಿನವರಿಗೆ, “ನನ್ನ ಮಗಳು ಬೀರುಗಳ ಕಷ್ಟಸುಖ ಕೇಳೋ ಕೆಲಸದಲ್ಲಿದ್ದಾಳೆ” ಎಂದು ಹೇಳಿಕೊಂಡು ಬಂದಿದ್ದರು. ಅದು ತಪ್ಪೂ ಅಲ್ಲ.

ಲಾಭಣ್ಣ ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಸೈಕಲ್ ಅಂಗಡಿ, ಆಮೇಲೆ ಫ್ರಿಜ್ ರಿಪೇರಿ, ಆಮೇಲೆ ಈ ಸಂಸ್ಥೆ. ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಬೀರುವಿನ ಬಾಗಿಲಿಗೆ ಅಂಗೈ ಇಟ್ಟು, “ಇದಕ್ಕೆ ಇವತ್ತು ಮೈ ಸರಿಯಿಲ್ಲ” ಎಂದರೆ ಮುಗಿಯಿತು, ಅಳೆದು ನೋಡುವ ಅಗತ್ಯ ಇರಲಿಲ್ಲ. ಅವರಿಗೆ ಶೆಡ್ಡಿನ ಕೆಲಸ ಹಿಡಿಸದು. ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಬಿದ್ದರೆ ಸಂಜೆಯೊಳಗೆ ನಾಲ್ಕು ಕಡೆ ತಿರುಗಿ, ನಾಲ್ಕು ಕಡೆಯ ಮಾತು ಹೊತ್ತು ತಂದರೇ ಅವರಿಗೆ ಉಂಡ ಊಟ ಅರಗುವುದು.

ಅವಳು ಸೇರಿದ ಐದನೆಯ ತಿಂಗಳಲ್ಲಿ ಅದು ನಡೆಯಿತು. ದನಕರುಗಳ ಲಸಿಕೆ ಇಡುವ ಒಂದು ಉಗ್ರಾಣದ ಲಾಗ್‌ನಲ್ಲಿ, ‘ಸೆನ್ಸರ್ 3: ಸಂಪರ್ಕ ಕಡಿದಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಬಿದ್ದಿತು. ಅವಳು ಲಾಭಣ್ಣನಿಗೆ ಫೋನ್ ಮಾಡಿದಳು.

“ಮೂರನೇದು ಅಣ್ಣ.”

ಅವರು ಹೋದರು. ಪೆಟ್ಟಿಗೆಯ ಮುಂದೆ ನಿಂತು ಲಾಭ, ಎರಡು, ಮೂರು ಎಂದು ಬೆರಳಿಟ್ಟು ನೋಡಿದರು. ಫೋನಿನಲ್ಲೇ, “ಮೂರರ ವೈರು ಎಳೆದ್ರೂ ಅಲ್ಲಾಡ್ತಿಲ್ಲ ತಂಗಿ, ಗಟ್ಟಿಯಾಗಿದೆ. ಇದೇನಾ?” ಎಂದು ಕೇಳಿದರು. ಅವಳು ಇನ್ನೊಮ್ಮೆ ಸಾಲು ನೋಡಿದಳು. “ಮೂರು ಅಂತಲೇ ಬರೆದಿದೆ ಅಣ್ಣ.” “ಬರೆದಿದ್ರೆ ಸರಿ,” ಎಂದು ಅವರು ಮೂರನೆಯ ಸೆನ್ಸರ್ ಕಿತ್ತು ಹೊಸದು ಹಾಕಿದರು. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದಾಗ ಎಂಟೂ ಸರಿ ಇವೆ ಎಂದು ಅದು ಬರೆದುಕೊಂಡಿತು.

ನಿಜವಾಗಿ ಕೆಟ್ಟಿದ್ದು ನಾಲ್ಕನೆಯದು. ಅದರ ವೈರು ಬೀರುವಿನ ಬಾಗಿಲ ಕೀಲಿನ ಸಂದಿಗೆ ಸಿಕ್ಕಿ ಒಳಗೇ ಮುರಿದಿತ್ತು. ಬಾಗಿಲು ತೆರೆದಿದ್ದರೆ ಕೂಡಿಕೊಳ್ಳುತ್ತಿತ್ತು, ಮುಚ್ಚಿದರೆ ಬಿಡುತ್ತಿತ್ತು. ಲಾಭಣ್ಣ ಅಲ್ಲಿದ್ದಷ್ಟು ಹೊತ್ತು ಉಗ್ರಾಣದವರು ಅದರಿಂದ ಲಸಿಕೆ ತೆಗೆಯುತ್ತಿದ್ದರು, ಬಾಗಿಲು ತೆರೆದೇ ಇತ್ತು. ಅವರು ಹೊರಟ ಮೇಲೆ ಬಾಗಿಲು ಮುಚ್ಚಿತು. ಅದು ರಜೆಯ ಹಿಂದಿನ ದಿನ, ಮತ್ತೆ ಬಿದ್ದ ಸಾಲನ್ನು ಓದಲು ಕಚೇರಿಯಲ್ಲಿ ಯಾರೂ ಇರಲಿಲ್ಲ. ಎರಡು ದಿನ ನಾಲ್ಕನೆಯ ಬೀರುವಿಗೆ ತನ್ನ ಬಿಸಿ ತನಗೆ ತಿಳಿಯಲಿಲ್ಲ, ತಣ್ಣಗಾಗಿಸುವುದೂ ನಿಂತಿತು. ಒಳಗಿದ್ದ ಲಸಿಕೆಯೆಲ್ಲ ಕೆಟ್ಟಿತು.

ಪೆಟ್ಟಿಗೆ ತಯಾರಿಸಿದ ಕಂಪನಿಯವರು ತಮ್ಮಲ್ಲಿಗೆ ತಲುಪಿದ ದಾಖಲೆ ನೋಡಿ, ‘ಯಂತ್ರ ನಾಲ್ಕನೆಯ ಸೆನ್ಸರ್ ಎಂದು ಸರಿಯಾಗಿಯೇ ತಿಳಿಸಿದೆ’ ಎಂದು ಬರೆದುಕೊಟ್ಟರು. ಮ್ಯಾನೇಜರು ಇಬ್ಬರನ್ನೂ ಕರೆಸಿದರು. ಅವರ ಕೋಣೆಯಲ್ಲಿ ಕುರ್ಚಿ ಒಂದೇ, ಅದರಲ್ಲಿ ಅವರೇ ಕೂತಿದ್ದರು.

“ಈ ಹುಡುಗಿ ನಿನಗೆ ಎಷ್ಟು ಅಂತ ಹೇಳಿದ್ಲು?”

ಲಾಭಣ್ಣ ಅವಳ ಕಡೆ ಒಮ್ಮೆ ನೋಡಿದರು. ಅವಳು ಇನ್ನೂ ಆರು ತಿಂಗಳ ಪರೀಕ್ಷಾ ಅವಧಿಯಲ್ಲಿದ್ದಳು. ಒಂದು ಮೆಮೋ ಬಂದರೂ ಮನೆಗೆ ಹೋಗಬೇಕು. ಅದು ಅವರಿಗೂ ಗೊತ್ತಿತ್ತು.

“ನಾಲ್ಕು ಅಂತಲೇ ಹೇಳಿದ್ಲು ಸಾರ್. ನಾನೇ ಎಣಿಸೋದ್ರಲ್ಲಿ ತಪ್ಪಿದೆ.”

“ಮತ್ತೆ? ಒಂದು ಅನ್ನೋದನ್ನೇ ನುಂಗಿಹಾಕೋನ ಲೆಕ್ಕ ಒಂದು ಕಮ್ಮಿ ಬರದೆ ಇನ್ನೇನಾಗುತ್ತೆ? ಲಾಭ ಅಂತೆ ಲಾಭ.”

ಅವಳು ಬಾಯಿ ತೆರೆದಳು. ಮೂರು ಎಂದದ್ದು ತಾನೇ ಎನ್ನಬೇಕಿತ್ತು, ಎನ್ನಲಿಲ್ಲ. ಅಷ್ಟರಲ್ಲಿ ಮ್ಯಾನೇಜರು ಮೆಮೋ ಬರೆಯತೊಡಗಿದ್ದರು. ಕಾರಣ ಎಂಬ ಕಡೆ ‘ಎಣಿಕೆಯ ದೋಷ’ ಎಂದು ಬರೆದರು. ಮೂರು ತಿಂಗಳು ಹೊರಗಿನ ಕೆಲಸ ಇಲ್ಲ, ಸ್ಟೋರಿನಲ್ಲಿ ಸಾಮಾನು ಜೋಡಿಸುವುದು. ಮೂರು ತಿಂಗಳಾದ ಮೇಲೆ ಮೆಮೋ ನೋಡಿ, ಮತ್ತೆ ಹೊರಗೆ ಕಳಿಸಬೇಕೋ ಖಾಯಂ ಒಳಗೇ ಕೂರಿಸಬೇಕೋ ತೀರ್ಮಾನ.

ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು. ಶೆಡ್ಡಿನಲ್ಲಿ ಮರುದಿನದಿಂದಲೇ ಶುರುವಾಯಿತು. “ಏನ್ ಲಾಭಣ್ಣ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ಯಂತೆ?” “ದನದ ಲಸಿಕೆ ಅಲ್ವಾ, ಸರಿಯಾಗೇ ಇದೆ.” ಲಾಭಣ್ಣ ಎಲ್ಲರ ಜೊತೆ ತಾವೂ ನಕ್ಕರು. ಆದರೆ ಆ ವಾರ ಸ್ಟೋರಿನಲ್ಲಿ ಸ್ಕ್ರೂ ಎಣಿಸುವಾಗ ಅವರು “ಒಂದು” ಎಂದು ಶುರು ಮಾಡಿದ್ದನ್ನು ಅವಳು ಕೇಳಿಸಿಕೊಂಡಳು. ಒಂದು ಎಂದವರು ತಡವರಿಸಿ, ನಾಲ್ಕರ ಹತ್ತಿರ ಲೆಕ್ಕ ತಪ್ಪಿ, ಮತ್ತೆ ಸುರಿದುಕೊಂಡರು.

ಅವಳಿಗೆ ತಡೆಯಲಾಗಲಿಲ್ಲ.

ಪೆಟ್ಟಿಗೆಯೊಳಗಿನ ಕಂಪ್ಯೂಟರಿಗೆ ಬುಡದಲ್ಲಿ ಒಂದು ಮೂಲ ಪ್ರೋಗ್ರಾಂ ಇರುತ್ತದೆ, ಕರ್ನಲ್ ಎನ್ನುತ್ತಾರೆ. ಅದಕ್ಕೆ ಸೆನ್ಸರ್‌ಗಳ ಜೊತೆ ಮಾತಾಡಲು ಬರುವುದಿಲ್ಲ. ಮಾತಾಡಿಸಲು ನಡುವೆ ಒಂದು ಪುಟ್ಟ ಪ್ರೋಗ್ರಾಂ ಬೇಕು, ಅದು ಡ್ರೈವರ್. ಇವೆಲ್ಲ ಯಾರೊಬ್ಬರ ಗುಟ್ಟೂ ಅಲ್ಲ, ಯಾರು ಬೇಕಾದರೂ ತೆಗೆದು ಓದಬಹುದು. ಅವಳು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆ ಡ್ರೈವರನ್ನು ಓದಲು ಕೂತಳು. ಒಂಬತ್ತು ನೂರು ಸಾಲು. ಆರನೆಯ ದಿನ ಸಿಕ್ಕಿತು.

ಒಳಗೆ ಆ ಡ್ರೈವರ್ ಎಲ್ಲ ಪ್ರೋಗ್ರಾಂಗಳಂತೆ ಸೊನ್ನೆಯಿಂದಲೇ ಎಣಿಸುತ್ತಿತ್ತು. ತಗಡಿನ ಮೇಲಿನ ಒಂದು ಅದಕ್ಕೆ ಸೊನ್ನೆ, ತಗಡಿನ ನಾಲ್ಕು ಅದಕ್ಕೆ ಮೂರು. ಪೆಟ್ಟಿಗೆ ಹೊತ್ತಿಕೊಂಡಾಗ ‘ಸೆನ್ಸರ್ 1 ಸರಿ, ಸೆನ್ಸರ್ 2 ಸರಿ’ ಎಂದು ಬರೆಯುವ ಸಾಲಿನಲ್ಲಿ, ಬರೆದವನು ಮರೆಯದೆ ಒಂದು ಕೂಡಿಸಿ ಬರೆಸಿದ್ದ. ‘ಸಂಪರ್ಕ ಕಡಿದಿದೆ’ ಎಂಬ ಸಾಲಿನಲ್ಲಿ ಕೂಡಿಸುವುದನ್ನು ಮರೆತಿದ್ದ. ಒಂದೇ ಯಂತ್ರ ಚೆನ್ನಾಗಿರುವಾಗ ಒಂದು ಲೆಕ್ಕ, ಕೆಟ್ಟಾಗ ಇನ್ನೊಂದು ಲೆಕ್ಕ ಹೇಳುತ್ತಿತ್ತು. ಕಂಪನಿಯವರ ದಾಖಲೆಗೆ ಬೇರೆ ದಾರಿಯಿಂದ ಸಂಖ್ಯೆ ಹೋಗುತ್ತಿದ್ದುದರಿಂದ ಅಲ್ಲಿ ಸರಿಯಾಗಿ ನಾಲ್ಕು ಎಂದಿತ್ತು. ಒಂದು ಕೂಡಿಸುವ ಚಿಹ್ನೆ, ಒಂದು ಒಂದು. ಅಷ್ಟೇ ಬಿಟ್ಟುಹೋಗಿದ್ದದ್ದು.

ಅವಳು ಸ್ಟೋರಿಗೆ ಓಡಿದಳು. “ಅಣ್ಣ, ತಪ್ಪು ನಿಮ್ದೂ ಅಲ್ಲ ನಂದೂ ಅಲ್ಲ. ಡ್ರೈವರ್ ತಪ್ಪು.”

“ಡ್ರೈವರ್ರಾ? ನಾನವತ್ತು ಬಸ್ಸಲ್ಲಿ ಹೋಗಿದ್ದೆ, ಪಾಪ ಅವನೇನು ಮಾಡಿದ?”

ಅವಳು ಒಂದು ರಟ್ಟಿನ ಮೇಲೆ ಬರೆದು ತೋರಿಸಿದಳು. ಲಾಭಣ್ಣ ರಟ್ಟಿನ ಮೇಲಿನ ಸೊನ್ನೆಗೆ ಬೆರಳಿಟ್ಟರು. “ಅಂದ್ರೆ ಅದು ಮೊದಲನೇದನ್ನ ಇಲ್ಲ ಅಂದ್ಕೊಂಡಿದೆ. ನಾನವತ್ತೇ ಹೇಳ್ಲಿಲ್ವಾ?” ಎಂದರು. ಆಮೇಲೆ ದನಿ ಇಳಿಸಿ, “ಆದ್ರೆ ನಂದೂ ತಪ್ಪಿದೆ ತಂಗಿ. ವೈರು ಗಟ್ಟಿಯಾಗಿದೆ ಅಂತ ಕೈ ಹೇಳ್ತಿತ್ತು. ಹತ್ತೊಂಬತ್ತು ವರ್ಷದ ಕೈ. ಬರೆದಿದೆ ಅಂದ ತಕ್ಷಣ ಅದರ ಮಾತು ಬಿಟ್ಟೆ.”

ಈ ಸಲ ಅವಳು ಮ್ಯಾನೇಜರ ಮುಂದೆ ಬಾಯಿ ಬಿಟ್ಟಳು. ತಾನು ಮೂರು ಎಂದೇ ಹೇಳಿದ್ದೆ, ಲಾಭಣ್ಣ ತನಗೋಸ್ಕರ ಸುಳ್ಳು ಹೇಳಿದರು ಎಂದಳು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗಾದ್ರೆ ಮೆಮೋ ನಿನಗೆ ಕೊಡ್ಲಾ?”

“ಲಾಗ್ ಬರೆಯೋ ಸಾಲೇ ತಪ್ಪಿದೆ ಸಾರ್.”

“ಸಾಲಿಗೆ ಮೆಮೋ ಕೊಡೋಕಾಗುತ್ತಾ? ಕಂಪನಿಯೋರನ್ನ ಕೇಳಿದ್ಯಾ?”

ಕೇಳಿದ್ದಳು. ಅವರು, ಪೆಟ್ಟಿಗೆ ನಮ್ಮದು, ಡ್ರೈವರ್ ನಮ್ಮದಲ್ಲ, ಅದು ಎಲ್ಲರ ಕರ್ನಲ್‌ನಲ್ಲಿ ಬರುವುದು ಎಂದು ಕೈ ತೊಳೆದುಕೊಂಡಿದ್ದರು.

“ಹಾಗಾದ್ರೆ ಆ ಎಲ್ಲರನ್ನೂ ಕೇಳು. ಅದನ್ನ ನೋಡ್ಕೊಳ್ಳೋರು ಯಾರೋ ಇರ್ತಾರಲ್ಲ, ಹೌದು ತಪ್ಪಾಗಿದೆ, ತಿದ್ದಿದೀವಿ ಅಂತ ಅವರು ಬರೆದುಕೊಡ್ಲಿ. ಅವತ್ತೇ ಮೆಮೋ ಹರಿದುಹಾಕ್ತೀನಿ. ಮೂರು ತಿಂಗಳೊಳಗೆ ಬರದೆ ಇದ್ರೆ ನನ್ನ ಹತ್ರ ಇದನ್ನ ಎತ್ತಬೇಡ.”

ಮೂರು ತಿಂಗಳಲ್ಲಿ ಆಗಲೇ ಎರಡು ವಾರ ಕಳೆದಿತ್ತು. ಅವಳು ಅವತ್ತು ಖುಷಿಯಿಂದಲೇ ಹೊರಗೆ ಬಂದಳು. ಎರಡು ಅಕ್ಷರದ ತಿದ್ದುಪಡಿ, ಎಷ್ಟು ದಿನ ಹಿಡಿದೀತು ಅಂದುಕೊಂಡಳು.

ಕರ್ನಲ್‌ಗೆ ತಿದ್ದುಪಡಿಯನ್ನು ಮೇಲ್‌ನಲ್ಲಿ ಕಳಿಸಬೇಕು. ಎಲ್ಲರೂ ಓದುವ ಒಂದು ಮೇಲ್ ಪಟ್ಟಿ ಇರುತ್ತದೆ. ಅಲ್ಲಿ ನೋಡುವವರು ನೋಡಿ, ತಪ್ಪು ಹೇಳಿ, ಕೊನೆಗೆ ಆ ಭಾಗದ ಉಸ್ತುವಾರಿ ಒಪ್ಪಿಕೊಂಡರೆ ಒಳಗೆ ಸೇರುತ್ತದೆ. ಅವಳು ಒಂದು ಶನಿವಾರ ಇಡೀ ಮಧ್ಯಾಹ್ನ ಕೂತು ಅದರ ನಿಯಮಗಳನ್ನು ಓದಿದಳು. ಪರೀಕ್ಷೆಗೆ ಓದಿದ ಹಾಗೆ ನೋಟ್‌ಪುಸ್ತಕದಲ್ಲಿ ಬರೆದುಕೊಂಡಳು. ಎರಡು ಸಲ ತಿದ್ದಿ ಕಳಿಸಿದಳು.

ಮೊದಲನೆಯದು ಪಟ್ಟಿಯನ್ನು ಮುಟ್ಟಲೇ ಇಲ್ಲ. ಅವಳ ಮೇಲ್ ಪ್ರೋಗ್ರಾಂ ಅಕ್ಷರಕ್ಕೆ ಬಣ್ಣ, ದಪ್ಪ ಎಲ್ಲ ಸೇರಿಸಿ ಕಳಿಸಿತ್ತು. ಅಲ್ಲಿ ಬರಿ ಅಕ್ಷರದ ಮೇಲ್ ಮಾತ್ರ ನಡೆಯುವುದು. ಬಾಗಿಲಲ್ಲೇ ಯಂತ್ರವೊಂದು ತಿರುಗಿಸಿ ಕಳಿಸಿತು.

ಎರಡನೆಯದು ತಲುಪಿತು, ಆದರೆ ಸಾಲಿನ ಮುಂದಿನ ಜಾಗ ಕೆಟ್ಟಿತ್ತು. ಟ್ಯಾಬ್ ಎಂಬ ಒಂದೇ ಚಿಹ್ನೆ ಇರಬೇಕಾದ ಕಡೆ ಬರಿಯ ಖಾಲಿ ಜಾಗಗಳು ಕೂತಿದ್ದವು. ಕಣ್ಣಿಗೆ ಎರಡೂ ಒಂದೇ. ‘ಇದು ಮೂಲಕ್ಕೆ ಹೊಂದಿ ಕೂರುವುದಿಲ್ಲ’ ಎಂದು ಯಾರೋ ಒಂದೇ ಸಾಲು ಬರೆದರು. ನಮಸ್ಕಾರವೂ ಇಲ್ಲ, ಕೊನೆಗೆ ಹೆಸರೂ ಇಲ್ಲ.

“ಏನಂತೆ?” ಎಂದು ಲಾಭಣ್ಣ ಕೇಳಿದರು.

“ಸಾಲಿನ ಮುಂದೆ ಏನೂ ಇಲ್ಲದ ಜಾಗ ಇದೆಯಲ್ಲ, ಅದು ಸರಿಯಿಲ್ವಂತೆ.”

“ಏನೂ ಇಲ್ಲದೇ ಇರೋದು ಹೆಂಗಮ್ಮ ಸರಿಯಿರಲ್ಲ?”

ಅವಳು ಖಾಲಿ ಜಾಗ ಅಳಿಸಿ ಟ್ಯಾಬ್ ಹಾಕಿದಳು. ಮೂರನೆಯದನ್ನು ಕಳಿಸಿದಳು. ಈ ತಪ್ಪು ಯಾವ ಬದಲಾವಣೆಯಿಂದ ಹುಟ್ಟಿತು, ಅದನ್ನು ಹುಡುಕಿ ನಮೂದಿಸಿ ಎಂದು ಪಟ್ಟಿಯವರು ಬರೆದರು. ಆರು ವರ್ಷ ಹಿಂದಿನವರೆಗಿನ ಬದಲಾವಣೆಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಲು ಹನ್ನೆರಡು ಊಟದ ಬಿಡುವು ಹಿಡಿಯಿತು. ಅಮ್ಮ ಕಟ್ಟಿಕೊಡುತ್ತಿದ್ದ ಡಬ್ಬಿ ಎಷ್ಟೋ ದಿನ ಹಾಗೆಯೇ ಮನೆಗೆ ವಾಪಸು ಹೋಯಿತು. “ಎರಡು ಅಕ್ಷರ ಬರೆಯೋಕೆ ಊಟ ಬಿಡೋಳು ಹತ್ತು ಬರೆಯೋ ಹೊತ್ತಿಗೆ ಉಳೀತೀಯಾ?” ಎಂದು ಅಮ್ಮ ಬೈದರು. ತಿದ್ದುವುದು ಎರಡು ಅಕ್ಷರ, ಅದರ ಮುಂದೆ ಹಿಂದೆ ಬರೆಯಬೇಕಾದ ವಿವರಣೆ ಒಂದು ಪುಟ. ಮೂಗಿಗಿಂತ ಮೂಗುತಿ ಭಾರ.

ನಾಲ್ಕನೆಯದನ್ನು ಕಳಿಸಿದ ಮೇಲೆ ಮೂರು ವಾರ ಯಾರೂ ಮಾತೇ ಆಡಲಿಲ್ಲ. ಈಗ ಹೊಸ ಆವೃತ್ತಿ ಕಟ್ಟುವ ಗಡಿಬಿಡಿ, ಸಣ್ಣಪುಟ್ಟದ್ದನ್ನು ಯಾರೂ ನೋಡುವುದಿಲ್ಲ ಎಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಬಂದ ಕೂಡಲೇ ಮೇಲ್ ನೋಡುವಳು, ಊಟಕ್ಕೆ ಮುಂಚೆ ನೋಡುವಳು, ಹೊರಡುವಾಗ ನೋಡುವಳು. ಲಾಭಣ್ಣ ಕೇಳುವುದನ್ನು ಬಿಟ್ಟರು. ಅದು ಅವಳಿಗೆ ಕೇಳಿದ್ದಕ್ಕಿಂತ ಕಷ್ಟವಾಯಿತು.

ಆಮೇಲೆ ಒಂದು ದಿನ ಉತ್ತರ ಬಂತು. ಉಸ್ತುವಾರಿಯದಲ್ಲ, ಇನ್ನೊಬ್ಬರದು. ಅವರು ಬರೆದದ್ದು ಇಷ್ಟು: ಕರ್ನಲ್‌ನಲ್ಲಿ ಎಲ್ಲ ಎಣಿಕೆಯೂ ಸೊನ್ನೆಯಿಂದ. ಆದ್ದರಿಂದ ‘ಸಂಪರ್ಕ ಕಡಿದಿದೆ’ ಎಂಬ ಸಾಲು ಸರಿಯಾಗಿಯೇ ಇದೆ. ಹೊತ್ತಿಕೊಳ್ಳುವಾಗ ಒಂದು ಕೂಡಿಸುವ ಸಾಲೇ ತಪ್ಪು. ಅದನ್ನು ಸೊನ್ನೆಗೆ ಇಳಿಸಿ ಕಳಿಸಿ, ನಾನು ಒಪ್ಪುತ್ತೇನೆ.

ಹಾಗೆ ಮಾಡಿದರೆ ಎರಡು ಸಾಲಿಗೂ ಹೊಂದಾಣಿಕೆ ಆಗುತ್ತಿತ್ತು, ಅವಳ ತಿದ್ದುಪಡಿಯೂ ಒಳಗೆ ಸೇರುತ್ತಿತ್ತು. ಆದರೆ ಮೂರು ಎಂದದ್ದೇ ಸರಿ ಎಂದು ಜಗತ್ತಿಗೆಲ್ಲ ಬರೆದಿಟ್ಟ ಹಾಗಾಗುತ್ತಿತ್ತು. ಲಾಭಣ್ಣನ ಮೆಮೋ ಇನ್ನು ಬ್ರಹ್ಮ ಬಂದರೂ ಅಳಿಸುವ ಹಾಗಿರುತ್ತಿರಲಿಲ್ಲ.

ಅವತ್ತು ಸಂಜೆ ಅವಳು ಲಾಭಣ್ಣನ ಮನೆಗೆ ಹೋದಳು. ಒಂದೂವರೆ ಕೋಣೆಯ ಮನೆ. ಅರ್ಧ ಕೋಣೆಯನ್ನು ಅವರ ಹೆಂಡತಿಯ ಹೊಲಿಗೆ ಯಂತ್ರ ಹಿಡಿದಿತ್ತು. ಅತ್ತಿಗೆ ಕತ್ತರಿಸಿದ ಬಟ್ಟೆಗಳನ್ನು ಸರಿಸಿ ಅವಳಿಗೆ ಕೂರಲು ಜಾಗ ಮಾಡಿದರು.

“ನಿಮ್ಮಣ್ಣನ್ನ ಬೇಗ ಹೊರಗೆ ಕಳಿಸಮ್ಮ,” ಎಂದರು ಅತ್ತಿಗೆ. “ಮೊದಲೆಲ್ಲ ಮನೆಗೆ ಬಂದು ಊರೆಲ್ಲದರ ಮಾತು ಹೇಳೋರು. ಈಗ ನನ್ನ ಗುಂಡಿ ಡಬ್ಬಿ ತಗೊಂಡು ಬಣ್ಣ ಬಣ್ಣ ಬೇರೆ ಮಾಡ್ತಾರೆ. ನಂಗೆ ಯಾವ ಗುಂಡಿ ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ.”

ಅವಳು ವಿಷಯ ಹೇಳಿದಳು. ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಸಿಟ್ಟೆಲ್ಲ ಹೊರಗೆ ಬಂತು. “ಅವರೊಬ್ಬರೂ ಪೆಟ್ಟಿಗೆ ಮುಂದೆ ನಿಂತಿಲ್ಲ ಅಣ್ಣ. ಕೂತಲ್ಲೇ ಸೊನ್ನೆ ಸರಿ ಅಂತಾರೆ. ನಂಗೆ ಸಾಕಾಯ್ತು.”

ಲಾಭಣ್ಣ ಎದ್ದು ಗೋಡೆಯ ಹತ್ತಿರ ಹೋಗಿ ಫ್ಯಾನಿನ ರೆಗ್ಯುಲೇಟರ್ ತಿರುಗಿಸಿ ಸೊನ್ನೆಗೆ ತಂದರು. ಫ್ಯಾನು ನಿಂತಿತು. “ನೋಡು, ನಮ್ಮನೇಲಿ ಸೊನ್ನೆ ಅಂದ್ರೆ ಗಾಳಿ ಬರಲ್ಲ.”

“ಸೆಖೆಗೆ ನಾನು ಸಾಯ್ತಿದೀನಿ, ಪಾಠ ಆಮೇಲೆ ಮಾಡಿ,” ಎಂದರು ಅತ್ತಿಗೆ. ಫ್ಯಾನು ಮತ್ತೆ ತಿರುಗಿತು.

“ಅವ್ರಿಗೆ ಇಷ್ಟೇ ಬರಿ ತಂಗಿ,” ಎಂದರು ಲಾಭಣ್ಣ. “ನಿಮ್ಮ ಒಳಗೆ ನೀವು ಹೆಂಗಾದ್ರೂ ಎಣಿಸ್ಕೊಳ್ಳಿ. ನಮ್ಮವ್ವ ಲಾಭ ಅಂತಿದ್ಲು, ಅಳೆಸ್ಕೊಳ್ಳೋನು ಬಂದಾಗ ಒಟ್ಟು ಎಷ್ಟು ಅಂತ ಅವನಿಗೆ ತಿಳಿಯೋ ಹಾಗೇ ಹೇಳ್ತಿದ್ಲು. ಸ್ಕ್ರೂಡ್ರೈವರ್ ಹಿಡ್ಕೊಂಡು ನಿಂತೋನಿಗೆ ತಗಡಿನ ಮೇಲೆ ಕೊರೆದಿರೋದೇ ಲೆಕ್ಕ.”

ಅವಳು ಮರುದಿನ ಅದನ್ನೇ ಬರೆದಳು. ಪೆಟ್ಟಿಗೆಯ ಫೋಟೋ ಕಳಿಸುವ ಹಾಗಿರಲಿಲ್ಲ, ಬರಿ ಅಕ್ಷರ ತಾನೆ. ಆದ್ದರಿಂದ ತಗಡಿನ ಮೇಲೆ ಏನೇನು ಕೊರೆದಿದೆ, ಸೊನ್ನೆ ಎಂಬ ಜಾಗ ಅಲ್ಲಿ ಇಲ್ಲವೇ ಇಲ್ಲ ಎಂಬುದನ್ನು ವಿವರಿಸಿದಳು. ಈ ಸಾಲನ್ನು ಓದುವುದು ಪ್ರೋಗ್ರಾಂ ಅಲ್ಲ, ಮನುಷ್ಯ. ಇದನ್ನು ನಂಬಿದ ಒಬ್ಬ ಅನುಭವಿ ಮೆಕ್ಯಾನಿಕ್ ಸರಿಯಾದ ಸೆನ್ಸರ್ ಕಿತ್ತುಹಾಕಿದರು, ಒಂದು ಬೀರು ಲಸಿಕೆ ಹಾಳಾಯಿತು ಎಂದು ಬರೆದಳು. ಕಳಿಸಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಒಂಬತ್ತು ದಿನ ಏನೂ ಇಲ್ಲ. ಮ್ಯಾನೇಜರು ಹೇಳಿದ್ದ ದಿನಕ್ಕೆ ಒಂದೇ ವಾರ ಉಳಿದಿತ್ತು. ಹತ್ತನೆಯ ದಿನ ಉಸ್ತುವಾರಿಯೇ ಬರೆದರು. ‘ತಗಡಿನ ಮೇಲಿನ ಸಂಖ್ಯೆಯೇ ಇರಲಿ. ಇದು ತಪ್ಪು, ತಿದ್ದಬೇಕಾದದ್ದೇ. ತಪ್ಪನ್ನು ಕಂಡ ಮೆಕ್ಯಾನಿಕ್ ಯಾರು? ವರದಿ ಮಾಡಿದವರು ಎಂದು ಅವರ ಹೆಸರು ಸೇರಿಸಿ ಕಳಿಸಿ, ತೆಗೆದುಕೊಳ್ಳುತ್ತೇನೆ.’

ಅವಳು ಸ್ಟೋರಿಗೆ ಹೋಗಿ ಕೇಳಿದಳು. ಲಾಭಣ್ಣ ಕೈಯಲ್ಲಿದ್ದ ವಾಷರ್‌ಗಳನ್ನು ಕೆಳಗಿಟ್ಟರು.

“ನನ್ನ ಹೆಸರು ಬೇಡ ತಂಗಿ. ಮೆಮೋದಲ್ಲಿ ಒಂದ್ಸಲ ಬಂದಿದ್ದು ಸಾಕು. ಕಾಗದದ ಮೇಲೆ ನನ್ನ ಹೆಸರು ಬಂದಾಗೆಲ್ಲ ಒಳ್ಳೇದಕ್ಕೆ ಬಂದಿದ್ದೇ ಇಲ್ಲ.”

“ಇದು ತಪ್ಪು ಮಾಡಿದೋರ ಜಾಗ ಅಲ್ಲ ಅಣ್ಣ. ತಪ್ಪು ಹಿಡಿದೋರ ಜಾಗ.”

“ಯಾರಾದ್ರೂ ಓದ್ತಾರಾ ಅದನ್ನ?”

“ಯಾರೂ ಓದಲ್ಲ. ಆದ್ರೆ ಅಳಿಸೋಕೂ ಆಗಲ್ಲ.”

ಅವರು ಕೈಯ ಧೂಳನ್ನು ಅಂಗಿಗೆ ಒರೆಸಿಕೊಂಡರು. ಆಮೇಲೆ ತಮ್ಮ ಹೆಸರನ್ನು, ಅಪ್ಪನ ಹೆಸರು ಸೇರಿಸಿ, ಶಾಲೆಯ ಹಾಜರಿಯಲ್ಲಿ ಕರೆಯುತ್ತಿದ್ದ ಹಾಗೆ ಪೂರ್ತಿ ಹೇಳಿದರು. ಹತ್ತೊಂಬತ್ತು ವರ್ಷದಲ್ಲಿ ಆ ಶೆಡ್ಡಿನಲ್ಲಿ ಯಾರೂ ಕೇಳಿರದ ಹೆಸರು. ಅವಳು ಅದನ್ನು ಮೂರು ಸಲ ಓದಿ ನೋಡಿ ಕಳಿಸಿದಳು. ಎರಡು ದಿನಕ್ಕೆ ‘ತೆಗೆದುಕೊಂಡಿದ್ದೇನೆ, ಧನ್ಯವಾದ’ ಎಂದು ಬಂತು.

ಪ್ರಿಂಟ್ ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟಳು. ಹಿಂದೆ ಲಾಭಣ್ಣ ನಿಂತಿದ್ದರು. ಮ್ಯಾನೇಜರು ಎರಡು ಸಲ ಓದಿದರು.

“ಸರಿ. ತಪ್ಪು ಅಂತ ಒಪ್ಕೊಂಡಿದಾರೆ.”

“ಮೆಮೋ ಹರಿದುಹಾಕ್ತೀನಿ ಅಂದಿದ್ರಿ ಸಾರ್.”

“ಹರಿಯೋಕೆ ಬರಲ್ಲಮ್ಮ. ಫೈಲಿನ ಪುಟಕ್ಕೆಲ್ಲ ನಂಬರ್ ಹಾಕಿದೆ. ಮೂರನೇ ಪುಟ ಕಿತ್ತರೆ ಎರಡಾದ ಮೇಲೆ ನಾಲ್ಕು ಬರುತ್ತೆ, ತಪಾಸಣೆಗೆ ಬಂದೋರು ನನಗೇ ಮೆಮೋ ಕೊಡ್ತಾರೆ.” ಪ್ರಿಂಟನ್ನು ಮೆಮೋದ ಹಿಂದೆ ಇಟ್ಟು ಸ್ಟೇಪಲ್ ಹೊಡೆದರು. “ಇದು ಹಿಂದೆ ಇರುತ್ತೆ. ಸೋಮವಾರದಿಂದ ಹೊರಗಿನ ಕೆಲಸಕ್ಕೆ ಹೋಗ್ಲಿ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಹೊರಗೆ ಬಂದು, “ಇಷ್ಟಕ್ಕೆ ಎರಡೂವರೆ ತಿಂಗಳು ಒದ್ದಾಡಿದ್ದಾ ಅಣ್ಣ?” ಎಂದಳು. “ಮೆಮೋ ಹಂಗೇ ಇದೆ. ಹೊಸ ಕರ್ನಲ್ ನಮ್ಮ ಪೆಟ್ಟಿಗೆಗೆ ಯಾವಾಗ ಹಾಕ್ತೀರಾ ಅಂತ ಕಂಪನಿಯೋರನ್ನ ಕೇಳಿದ್ರೆ, ಹಳೇ ಪೆಟ್ಟಿಗೆಗೆ ಹಾಕೋ ಯೋಚನೆ ಇಲ್ಲ ಅಂತಾರೆ. ಅವು ಇನ್ನೂ ನಾಲ್ಕಕ್ಕೆ ಮೂರು ಅಂತಲೇ ಬರೀತಿರ್ತವೆ.”

ಲಾಭಣ್ಣ ಆಗಲೇ ಸ್ಟೋರಿನ ಮೂಲೆಯಿಂದ ತಮ್ಮ ಚೀಲ ಎಳೆದು ಧೂಳು ಕೊಡವುತ್ತಿದ್ದರು. ಎದುರಿದ್ದ ಮುಚ್ಚಳದಿಂದ ಸ್ಕ್ರೂ ತೆಗೆದು ಚೀಲದ ಜೇಬಿಗೆ ಹಾಕಿಕೊಳ್ಳತೊಡಗಿದರು.

“ಲಾಭ,” ಅಂದರು. “ಎರಡು. ಮೂರು.”

ಇದಾಗಿ ಎರಡು ವರ್ಷವಾಯಿತು. ಅವಳು ಈಗಲೂ ಲಾಗ್ ಓದುತ್ತಾಳೆ. ಫೋನಿನಲ್ಲಿ ಯಂತ್ರದ್ದು ಮೂರು, ತಗಡಿನದು ನಾಲ್ಕು ಎಂದು ಎರಡನ್ನೂ ಹೇಳುತ್ತಾಳೆ. ಲಾಭಣ್ಣ ವಾರದಲ್ಲಿ ಐದು ದಿನ ಹೊರಗಿನ ಕೆಲಸಕ್ಕೆ ಹೋಗುತ್ತಾರೆ. ಹೋದ ಕಡೆಯೆಲ್ಲ ಬೂದು ಪೆಟ್ಟಿಗೆಯ ಬಾಗಿಲ ಒಳಗೆ ಕೆಂಪು ಬಣ್ಣದಲ್ಲಿ, ‘ಕೆಟ್ಟಿದೆ ಅಂದರೆ ಒಂದು ಕೂಡಿಸಿ ನೋಡಿ’ ಎಂದು ಬರೆದು ಬರುತ್ತಾರೆ. ಇಲ್ಲಿಯವರೆಗೆ ನೂರಾ ಹದಿನಾಲ್ಕು ಪೆಟ್ಟಿಗೆಗೆ ಬರೆದಿದ್ದಾರೆ. ಇನ್ನು ಎಪ್ಪತ್ತು ಉಳಿದಿವೆ.